ಹೊರಡುವ ದಿನದ ಶ್ರುತಿ

ಯೆರುತಿಯ ಉಗುರಿನಿಂದಾಗಿ ನಾನು ಜಗಳ ಆಡದ ಮನೆ ನಮ್ಮ ಬೀದಿಯಲ್ಲಿ ಉಳಿದಿಲ್ಲ. ಹದಿನೆಂಟು ತುಂಬಿದ ಹುಡುಗಿ ತಟ್ಟೆ ತೊಳೆಯುವುದಿಲ್ಲ, ಬಟ್ಟೆ ಹಿಂಡುವುದಿಲ್ಲ, ಮರಗೆಣಸಿನ ಸಿಪ್ಪೆ ಸುಲಿಯುವುದಿಲ್ಲ. ಅದೆಲ್ಲ ನನ್ನ ಪಾಲು. ಬೆಳಕು ಹರಿಯುವ ಮೊದಲೇ ಎದ್ದು ಮರಗೆಣಸಿನ ಚೀಪಾ ರೊಟ್ಟಿಗೆ ಹಿಟ್ಟು ನಾದಿ, ಬೇಯಿಸಿ, ಬುಟ್ಟಿ ತುಂಬಿಕೊಂಡು ಬಸ್ಸಿನ ಹತ್ತಿರ ಮಾರಿ ಬಂದು, ಮತ್ತೆ ಪಾತ್ರೆಗೆ ಕೂರುವವಳು ನಾನೇ. ಎದುರು ಮನೆಯ ಪೊರ್ಫಿರಿಯಾಗೆ ಇದನ್ನು ನೋಡಿದರೆ ಊಟ ಸೇರುತ್ತಿರಲಿಲ್ಲ.

"ತಂಗಿ ಮಗಳನ್ನ ಸಾಕ್ತಿದೀಯೋ, ಮಹಾರಾಣೀನ ಸಾಕ್ತಿದೀಯೋ, ದೆಲ್ಮಿರಾ?" ಎಂದು ಬೇಲಿಯಾಚೆಯಿಂದ ಕೇಳುತ್ತಿದ್ದಳು.

"ನಿನ್ನ ಮಗಳು ಉಗುರು ಬೆಳೆಸಿ ಬಣ್ಣ ಹಚ್ಕೋತಾಳೆ. ನಮ್ಮವಳು ಉಗುರು ಬೆಳೆಸಿ ತಂತಿ ಮೀಟ್ತಾಳೆ. ನಿಂಗೇನೇ ತಾಪತ್ರಯ?" ಎನ್ನುತ್ತಿದ್ದೆ ನಾನು.

ನಮ್ಮ ಪರಾಗ್ವೆಯಲ್ಲಿ ಹಾರ್ಪ್ ನುಡಿಸುವುದು ಉಗುರಿನಿಂದ. ಬೆರಳ ತುದಿಯ ಮಾಂಸ ತಾಗಿದರೆ ತಂತಿ ಮೂಗಿನಲ್ಲಿ ಮಾತಾಡುತ್ತದೆ, ಉಗುರು ತಾಗಿದರೆ ಬಾಯಿ ತೆರೆದು ಹಾಡುತ್ತದೆ ಎಂದು ಅವಳಿಗೆ ಕಲಿಸಿದ ಎಲಾದಿಯೊ ಮೇಷ್ಟ್ರು ಹೇಳುತ್ತಾರೆ. ನನಗೆ ಎರಡೂ ಒಂದೇ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಮನೆಗೊಬ್ಬರಿಗೆ ಕಿವಿ ಇದ್ದರೆ ಸಾಕು ಎಂದು ದೇವರು ಅಂದುಕೊಂಡನೋ ಏನೋ, ನಮ್ಮ ಮನೆಗೆ ಬಂದ ಸಂಗೀತವನ್ನೆಲ್ಲ ನನ್ನ ತಂಗಿ ಜುನಿಲ್ದಾಳ ಮಡಿಲಿಗೆ ಸುರಿದು, ನನಗೆ ಹಿಟ್ಟು ನಾದುವ ತೋಳು ಕೊಟ್ಟ.

ಹಾರ್ಪ್ ಜುನಿಲ್ದಾಳದು. ಯೆರುತಿ ಜುನಿಲ್ದಾಳ ಮಗಳು. ಅಪ್ಪ ಅನ್ನಿಸಿಕೊಂಡವನು ಬ್ರೆಜಿಲ್ ಗಡಿ ದಾಟಿ ಹೋದವನು ಗಡಿಯಾಚೆಯೇ ಕಳೆದುಹೋದ. ಹುಡುಗಿಗೆ ಒಂಬತ್ತು ವರ್ಷವಿದ್ದಾಗ ಜುನಿಲ್ದಾ ಸ್ಪೇನಿಗೆ ಹೊರಟಳು, ಅಲ್ಲಿನ ಮುದುಕ ಮುದುಕಿಯರನ್ನು ನೋಡಿಕೊಳ್ಳುವ ಕೆಲಸಕ್ಕೆ. ಎರಡೇ ವರ್ಷ ಎಂದಿದ್ದಳು. ಮೊದಮೊದಲು ಕಾಗದಪತ್ರ ಇರಲಿಲ್ಲ, ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದಳು. ಕಾಗದಪತ್ರ ಆದ ಮೇಲೆ ಬರುವ ಡಿಸೆಂಬರ್ ಎಂದಳು. ಬರುವ ಡಿಸೆಂಬರ್ ಬಂತು, ಹೋಯಿತು, ಅದರ ಹಿಂದೆ ಇನ್ನೊಂದು ಬಂತು. ಎರಡು ವರ್ಷ ಒಂಬತ್ತಾಯಿತು. ಅವಳನ್ನು ಬೈಯೋಣವೆಂದರೆ ಈ ಮನೆಯ ಹೆಂಚು, ಹುಡುಗಿಯ ಶಾಲೆ, ಹಾರ್ಪಿನ ಹೊಸ ತಂತಿ ಎಲ್ಲ ಅವಳ ಬೆವರು. ಬೈಯದೆ ಇರೋಣವೆಂದರೆ ಹೊಟ್ಟೆ ಉರಿಯುತ್ತದೆ.

ಹೊರಡುವ ದಿನ ಸಂಜೆ ಅವಳು ಹಾರ್ಪ್ ಮುಂದೆ ಕೂತು, ನಮ್ಮಮ್ಮ ಹಾಡುತ್ತಿದ್ದ ದೋಣಿಯ ಹಾಡನ್ನು ಹಾಡಿ ನನ್ನ ಫೋನಿನಲ್ಲಿ ಹಿಡಿದಿಟ್ಟು ಹೋದಳು. ನದಿಯ ಈ ದಡದಲ್ಲಿ ನಿಂತವಳು ಆ ದಡದ ದೋಣಿಯವನನ್ನು ಕೂಗಿ ಕರೆಯುವ ಹಾಡು ಅದು. ಫೋನು ಮೂರು ಸಲ ಬದಲಾಯಿತು. ಪ್ರತಿ ಸಲವೂ ಯೆರುತಿ ಮೊದಲು ಆ ಹಾಡನ್ನು ಹೊಸ ಫೋನಿಗೆ ದಾಟಿಸಿಕೊಂಡು ಆಮೇಲೆ ಹಳೆಯದನ್ನು ಕೈಬಿಟ್ಟಳು. ದಿನಾ ಸಂಜೆ ಫೋನನ್ನು ಕಿಟಕಿಯ ಮೇಲಿಟ್ಟು ಅಮ್ಮನ ಹಾಡು ಹಚ್ಚುವುದು, ಒಂದೊಂದೇ ತಂತಿಯನ್ನು ಅದಕ್ಕೆ ಶ್ರುತಿ ಮಾಡಿಕೊಳ್ಳುವುದು, ಆಮೇಲೆ ಅಮ್ಮ ಹಾಡುತ್ತಿದ್ದಂತೆ ಇವಳು ಜೊತೆಗೆ ನುಡಿಸುವುದು. ಅಮ್ಮ ಹಾಡಬೇಕು, ಮಗಳು ನುಡಿಸಬೇಕು. ಯೆರುತಿ ತಾನು ಬಾಯಿ ಬಿಟ್ಟು ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಇಂಥವಳಿಗೆ ರಾಜಧಾನಿ ಅಸುನ್ಸಿಯೋನಿನ ವಿಶ್ವವಿದ್ಯಾಲಯದ ಸಂಗೀತ ವಿಭಾಗ ಸೇರುವ ಆಸೆ ಹುಟ್ಟಿತು. ಫೆಬ್ರವರಿಯಲ್ಲಿ ಪ್ರವೇಶ ಪರೀಕ್ಷೆ. ಒಂದು ಹಾಡನ್ನು ಒಂಟಿಯಾಗಿ ನುಡಿಸಬೇಕು, ಇನ್ನೊಂದನ್ನು ಅವರ ಪಿಯಾನೋದವರ ಜೊತೆ ಸೇರಿ ನುಡಿಸಬೇಕು. ಜೊತೆಗೆ ನುಡಿಸಲು ಯೆರುತಿ ಆರಿಸಿಕೊಂಡದ್ದು ದೋಣಿಯ ಹಾಡನ್ನೇ. ಇನ್ಯಾವುದನ್ನು ಆರಿಸುತ್ತಾಳೆ. ಪರೀಕ್ಷೆಯ ದಿನಕ್ಕೆ ಬಂದೇ ಬರುತ್ತೇನೆ ಎಂದು ಜುನಿಲ್ದಾ ಈ ಸಲ ಅಮ್ಮನ ಆಣೆ ಹಾಕಿದ್ದಳು.

ಪರೀಕ್ಷೆಗೆ ಎರಡು ವಾರ ಉಳಿದಾಗ ಪೆರ್ಲಾ ಟೀಚರ್ ಬಂದು, ಪಿಯಾನೋ ಜೊತೆ ಒಮ್ಮೆಯಾದರೂ ನುಡಿಸಿ ನೋಡಬೇಡವೇ ಎಂದರು. ಅವರು ಶಾಲೆಯಲ್ಲಿ ಪಾಠ ಮಾಡುತ್ತಾರೆ, ಭಾನುವಾರ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಾರೆ. ಯೆರುತಿಗೆ ಸ್ವರಲಿಪಿ ಓದಲು ಕಲಿಸಿದವರೂ ಅವರೇ. ಹಾರ್ಪನ್ನು ಕೈಗಾಡಿಯಲ್ಲಿ ಮಲಗಿಸಿಕೊಂಡು ಚರ್ಚಿಗೆ ಹೋದೆವು. ಎಲಾದಿಯೊ ಮೇಷ್ಟ್ರೂ ತೆರೆರೆ ಎಂಬ ತಣ್ಣನೆಯ ಎಲೆಚಹಾ ಕುಡಿಯುವ ಚೊಂಬು ಹಿಡಿದು ಹಿಂದೆಯೇ ಬಂದರು. ಎಂಬತ್ತರ ಹತ್ತಿರದ ಮುದುಕ, ಸಂಗೀತ ಎಲ್ಲಿದ್ದರೂ ಅವರಿಗೆ ಕರೆಯೋಲೆ ಬೇಕಿಲ್ಲ.

ಪೆರ್ಲಾ ಟೀಚರ್ ಶುರು ಮಾಡಿದರು. ಯೆರುತಿ ಸೇರಿಕೊಂಡಳು. ನನ್ನಂಥ ಕಿವುಡಿಗೂ ಗೊತ್ತಾಯಿತು, ಏನೋ ಕೆಟ್ಟಿದೆ ಎಂದು. ಎತ್ತು ಏರಿಗೆ, ಕೋಣ ನೀರಿಗೆ. ಬಾಗಿಲಲ್ಲಿ ಮಲಗಿದ್ದ ಚರ್ಚಿನ ನಾಯಿ ಎದ್ದು ಮೈ ಕೊಡವಿ ಬಿಸಿಲಿಗೆ ಹೋಯಿತು.

"ನಿಲ್ಲು ನಿಲ್ಲು. ನಿನ್ನ ಹಾರ್ಪ್ ಕೆಳಗಿದೆ ಕಣಮ್ಮ," ಎಂದರು ಟೀಚರ್. ಕೀಬೋರ್ಡಿನ ಒಂದು ಬಿಳಿ ಮನೆ ಒತ್ತಿದರು, ಪಕ್ಕದ ಕಪ್ಪು ಮನೆ ಒತ್ತಿದರು. "ಇದಕ್ಕೂ ಸೇರಲ್ಲ, ಅದಕ್ಕೂ ಸೇರಲ್ಲ. ಎರಡರ ಸಂದೀಲಿ ಎಲ್ಲೋ ಇದೆ. ನಾನು ಎಲ್ಲಿಂದ ನುಡಿಸಿದ್ರೂ ನಿಂಗೆ ಜೊತೆಯಾಗಲ್ಲ."

ಯೆರುತಿ ಕೈಯನ್ನು ತಂತಿಯ ಮೇಲೆ ಚಪ್ಪಟೆ ಇಟ್ಟಳು.

ನಾನು ಮೇಷ್ಟ್ರ ಕಡೆ ತಿರುಗಿದೆ. "ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು," ಎಂದರು ಅವರು, ಚೊಂಬಿಗೆ ತಣ್ಣೀರು ಹೊಯ್ದುಕೊಳ್ಳುತ್ತ. "ಒಬ್ಳೇ ನುಡಿಸೋಳಿಗೆ ಯಾವ ಶ್ರುತಿ ಆದ್ರೇನು? ಅವಳಮ್ಮನ ಶ್ರುತಿ ಅಂತ ಇಟ್ಕೊಂಡಿದ್ಲು. ಇರ್ಲಿ ಬಿಡು ಅಂತ ನಾನೂ ಬಿಟ್ಟೆ."

"ಒಂಬತ್ತು ವರ್ಷ ಬಿಟ್ರಾ?"

"ಯಾರಿಗೂ ನೋವಾಗ್ಲಿಲ್ಲ ಅಲ್ವಾ, ದೆಲ್ಮಿರಾ."

ಹುಣಸೆಗೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ. ನಾನು ಇನ್ನೇನೋ ಹೇಳಲು ಹೊರಟಿದ್ದೆ, ದೇವರ ಮನೆ ಎಂದು ನುಂಗಿಕೊಂಡೆ.

ಪೆರ್ಲಾ ಟೀಚರ್ ಲೆಕ್ಕ ಬಿಡಿಸಿ ಹೇಳಿದರು. ಮೂವತ್ತಾರು ತಂತಿಯನ್ನೂ ಮೇಲಕ್ಕೆ ಬಿಗಿಯಬೇಕು. ಇಷ್ಟು ವರ್ಷ ಸಡಿಲವಾಗಿ ಕೂತಿದ್ದ ತಂತಿಗಳು ಒಂದೇ ಸಲ ನಿಲ್ಲುವುದಿಲ್ಲ, ಬಿಗಿದಷ್ಟೂ ಜಾರುತ್ತವೆ. ಇವತ್ತೇ ಶುರು ಮಾಡಿದರೆ ಪರೀಕ್ಷೆಯ ಹೊತ್ತಿಗೆ ಕೂರಬಹುದು. ಆ ದಿನ ಹೋಗಿ ಬಿಗಿಯುತ್ತೇನೆ ಎಂದರೆ ಪಿಯಾನೋ ಮುಂದೆ ನಗೆಪಾಟಲು.

"ನಾನು ಬಿಗಿಯಲ್ಲ," ಎಂದಳು ಯೆರುತಿ.

ಅಷ್ಟೇ ಮಾತು. ಹಾರ್ಪಿಗೆ ಹೊದಿಕೆ ಹೊದಿಸಿ ಗಾಡಿ ತಳ್ಳಿಕೊಂಡು ಹೊರಟೇಬಿಟ್ಟಳು.

ಮನೆಗೆ ಬಂದ ಮೇಲೆ ನನ್ನ ಬಾಯಿಗೆ ಬೀಗ ಇರಲಿಲ್ಲ. "ಯಾಕೇ ಬಿಗಿಯಲ್ಲ? ಪರೀಕ್ಷೆ ಬೇಡ್ವಾ ನಿಂಗೆ? ನಾನು ಈ ಕೈಯಲ್ಲಿ ಪಾತ್ರೆ ಉಜ್ಜಿದ್ದು ನಿನ್ನ ಉಗುರು ನೋಡಿ ಸಂತೋಷ ಪಡಕ್ಕಾ?"

"ಬಿಗಿದ್ರೆ ಅಮ್ಮನ ಹಾಡಿಗೆ ಸೇರಲ್ಲ ದೊಡ್ಡಮ್ಮ."

"ಫೋನಲ್ಲಿರೋ ಹಾಡು ಬಂದು ನಿನ್ನ ಪರೀಕ್ಷೆ ಬರಿಯುತ್ತಾ?"

"ಅವಳು ಪರೀಕ್ಷೆಗೆ ಬರ್ತಾಳಲ್ಲ. ಬಂದು ಹಾಡಕ್ಕೆ ಕೂತಾಗ ಹಾರ್ಪ್ ಅವಳ ಗಂಟಲಿಗೆ ಸೇರದಿದ್ರೆ? ತನ್ನ ಮನೇಲೇ ತನಗೆ ಜಾಗ ಇಲ್ಲ ಅಂತ ಅನ್ಸಲ್ವಾ ಅವಳಿಗೆ?" ಇದನ್ನು ಅವಳು ನನ್ನ ಮುಖ ನೋಡದೆ ಹೇಳಿದಳು. "ಅವಳು ಬಿಟ್ಟು ಹೋದಾಗ ಹೇಗಿತ್ತೋ ಹಾಗೇ ಇಟ್ಟಿದೀನಿ. ಅಷ್ಟೇ ನನ್ನ ಕೈಲಿ ಆಗಿದ್ದು."

ನನ್ನ ಸಿಟ್ಟು ಇಳಿಯಲಿಲ್ಲ. ಬಂದೇ ಬರುತ್ತೇನೆ ಎಂದು ಹೇಳುವವಳು ಅಲ್ಲಿ, ನಂಬುವವಳು ಇಲ್ಲಿ, ನಡುವೆ ನಾನು. ಮರಗೆಣಸು ಹೆಚ್ಚುತ್ತ ಹೆಚ್ಚುತ್ತ ಬೆರಳು ಕೊಯ್ದುಕೊಂಡೆ.

ಜುನಿಲ್ದಾ ಫೋನ್ ಮಾಡುವುದು ಭಾನುವಾರ. ಅಲ್ಲಿ ಅವಳು ನೋಡಿಕೊಳ್ಳುವ ಮುದುಕಿಗೆ, ಅವಳ ಸೆನ್ಯೋರಾಗೆ, ಮಧ್ಯಾಹ್ನದ ನಿದ್ದೆಯ ಹೊತ್ತು, ನಮಗೆ ಬೆಳಿಗ್ಗೆ. ಫೋನಿನ ಗಾಜಿನಲ್ಲಿ ಅವಳ ಮುಖ ಬರುತ್ತದೆ, ಹಿಂದೆ ಬಟ್ಟೆ ಒಣಗಿಸುವ ಹಗ್ಗ. ಮೊದಲ ಮಾತು ಯಾವಾಗಲೂ "ಎಲ್ಲಿ, ಉಗುರು ತೋರ್ಸು." ಯೆರುತಿ ಎರಡೂ ಕೈ ಎತ್ತಿ ಹಿಡಿಯುತ್ತಾಳೆ. ಅಲ್ಲಿಂದ ಅವಳು ಒಂದೊಂದೇ ಬೆರಳು ನೋಡುತ್ತಾಳೆ. ತನ್ನ ಕೈ ಮಾತ್ರ ತೋರಿಸುವುದಿಲ್ಲ. ಮುದುಕರ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ, ಮೈ ತೊಳೆಯುವವರ ಉಗುರು ತಾಗಿದರೆ ಹರಿದುಹೋಗುತ್ತದೆ. ಅದಕ್ಕೇ ಅವಳು ವಾರವಾರ ಬುಡಕ್ಕೆ ಕತ್ತರಿಸಿಕೊಳ್ಳಬೇಕು. ಇಡೀ ಜಿಲ್ಲೆಯಲ್ಲಿ ಅಂಥ ಉಗುರು ಇಲ್ಲ ಎನ್ನಿಸಿಕೊಂಡಿದ್ದವಳು.

ಆ ಭಾನುವಾರ ಅವಳು ಉಗುರು ಕೇಳಲಿಲ್ಲ.

"ಯೆರು, ಸೆನ್ಯೋರಾ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಅವರ ಮಕ್ಕಳು ನಂಗೆ ರಜಾ ಇಲ್ಲ ಅಂದ್ರು," ಎಂದಳು. "ಬಿಟ್ಟು ಬಂದ್ರೆ ಕೆಲಸಾನೂ ಹೋಗುತ್ತೆ, ನೀನು ಸೀಟು ತಗೊಂಡ್ರೆ ಅಲ್ಲಿರೋಕೆ ಖರ್ಚಿಗೆ..."

"ಸರಿ ಅಮ್ಮ," ಎಂದಳು ಯೆರುತಿ.

"ಸಿಟ್ಟಾ?"

"ಇಲ್ಲಮ್ಮ. ಸೆನ್ಯೋರಾ ಹೇಗಿದಾರೆ?"

ನನಗೆ ತಡೆಯಲಾಗಲಿಲ್ಲ. ಫೋನನ್ನು ಅವಳ ಕೈಯಿಂದ ಕಿತ್ತುಕೊಂಡೆ. "ಸೆನ್ಯೋರಾ ಮನೆ ಹಾಳಾಗ್ಲಿ. ನೀನು ಬಂದು ಹಾಡ್ತೀಯ ಅಂತ ನಿನ್ನ ಮಗಳು ಪರೀಕ್ಷೇನೇ ಬಿಡಕ್ಕೆ ಕೂತಿದಾಳೆ, ಗೊತ್ತೇನೇ ನಿಂಗೆ? ಹಾರ್ಪ್ ಪಿಯಾನೋಗೆ ಸೇರ್ತಿಲ್ಲ. ಬಿಗಿ ಅಂದ್ರೆ ಬಿಗಿಯಲ್ಲ ಅಂತಾಳೆ. ಅಮ್ಮನ ಶ್ರುತಿಯಂತೆ. ಬದಲಾಯಿಸಬಾರದಂತೆ."

ಆಚೆ ಕಡೆ ಜುನಿಲ್ದಾ ಹುಬ್ಬು ಗಂಟಿಕ್ಕಿದಳು. "ಯಾವ ಶ್ರುತಿ?"

"ಫೋನಲ್ಲಿ ಹಾಡಿಟ್ಟು ಹೋದ್ಯಲ್ಲ, ಅದು. ದಿನಾ ಸಂಜೆ ಅದಕ್ಕೇ ಕೂಡಿಸ್ಕೋತಾಳೆ. ಒಂಬತ್ತು ವರ್ಷದಿಂದ."

ಫೋನು ನಿಂತುಹೋಯಿತೇನೋ ಎಂದು ನಾನು ಅಲ್ಲಾಡಿಸಿ ನೋಡಿದೆ.

"ಅದನ್ನ ಇನ್ನೂ ಇಟ್ಕೊಂಡಿದೀರಾ?" ಎಂದಳು ಕೊನೆಗೆ. "ಅಯ್ಯೋ ಹುಚ್ಚಿಯರಾ. ಅದು ನನ್ನ ಶ್ರುತಿ ಅಲ್ಲ ಕಣೇ ಅಕ್ಕ. ಅವತ್ತು ನಾನು ಬೆಳಿಗ್ಗೆಯಿಂದ ಬಚ್ಚಲಲ್ಲಿ ಕೂತು ಅತ್ತೂ ಅತ್ತೂ ಗಂಟಲು ಕಟ್ಟಿಹೋಗಿತ್ತು. ಹಾಡಕ್ಕೆ ಕೂತ್ರೆ 'ಆ ದಡ' ಅನ್ನೋ ಕಡೆ ಧ್ವನಿ ಏರ್ಲೇ ಇಲ್ಲ. ಎರಡು ಸಲ ನೋಡ್ದೆ. ಆಮೇಲೆ ಬಿಗಿಕೀಲಿ ತಗೊಂಡು ತಂತೀನೆಲ್ಲ ಕೆಳಗಿಳಿಸ್ದೆ. ಆ ಒಡಕು ಗಂಟಲಿಗೆ ಎಷ್ಟು ಬೇಕೋ ಅಷ್ಟು. ನಾಳೆ ಅಕ್ಕ ಮೇಷ್ಟ್ರನ್ನ ಕರೆಸಿ ಸರಿ ಮಾಡಿಸ್ತಾಳೆ ಅಂದ್ಕೊಂಡೆ."

ಆ ಸಂಜೆ ನನಗೆ ನೆನಪಿತ್ತು. ಹಾರ್ಪಿನ ಬಿಗಿಕೀಲಿ ಹಿಡಿದು ಅವಳು ತುಂಬಾ ಹೊತ್ತು ನಿಂತಿದ್ದಳು. ನಾನು ಅವಳ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದೆ. ಶ್ರುತಿ ಸರಿ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ. ಕೆಡಿಸುತ್ತಿದ್ದಾಳೆ ಎಂದು ತಿಳಿಯಲು ನನಗೆ ಕಿವಿ ಎಲ್ಲಿತ್ತು. ಅವಳ ಒಂದು ದಿನದ ಅಳುವಿಗೆ ನಾವು ಒಂಬತ್ತು ವರ್ಷ ಮನೆಯನ್ನೇ ಶ್ರುತಿ ಮಾಡಿಕೊಂಡು ಕೂತಿದ್ದೆವು.

ಯೆರುತಿ ಫೋನಿನ ಹತ್ತಿರ ಬಂದಳು. "ಹಾಗಾದ್ರೆ ನಿನ್ನ ನಿಜವಾದ ಶ್ರುತಿ ಯಾವ್ದಮ್ಮ?"

"ಎಲ್ಲರದೂ ಯಾವ್ದೋ ಅದೇ ಪುಟ್ಟ. ಪಿಯಾನೋದ್ದು ಯಾವ್ದೋ ಅದೇ."

"ಒಂದು ಸಲ ಹಾಡಮ್ಮ. ಒಂದು ಸಾಲು."

ಜುನಿಲ್ದಾ ಬಾಯಿ ತೆರೆದಳು. ಉಸಿರು ಎಳೆದುಕೊಂಡಳು. ಹಾಗೇ ಮುಚ್ಚಿದಳು. "ನಂಗೆ ಈಗ ಬರಲ್ಲ ಕಣಮ್ಮ. ಇಲ್ಲಿಗೆ ಬಂದ್ಮೇಲೆ ಹಾಡೇ ಇಲ್ಲ. ಗೋಡೆ ತೆಳು, ಮುದುಕಿಗೆ ನಿದ್ದೆ ಕೆಡುತ್ತೆ," ಎಂದಳು. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು. ಅವಳು ಎದ್ದಳು. ಗಾಜಿನಲ್ಲಿ ಬರೀ ಹಗ್ಗ, ಬಟ್ಟೆ, ಆಮೇಲೆ ಕತ್ತಲೆ.

ಯೆರುತಿ ಅಂಗಳದ ಮಾವಿನ ಮರದ ಕೆಳಗೆ ಹೋಗಿ ಕೂತಳು. ನಾನು ಕರೆಯಲಿಲ್ಲ. ಊಟದ ಹೊತ್ತಿಗೆ ಒಳಗೆ ಬಂದು, ಗೂಟದ ಮೇಲಿದ್ದ ಬಿಗಿಕೀಲಿ ತೆಗೆದು ನನ್ನ ಕೈಗಿಟ್ಟಳು.

"ನೀನು ತಿರುಗಿಸು ದೊಡ್ಡಮ್ಮ. ಉಗುರು ಮುರಿಯುತ್ತೆ. ನಾನು ಹೇಳ್ತೀನಿ."

ಅಲ್ಲಿಂದ ಪರೀಕ್ಷೆಯವರೆಗೆ ನನ್ನ ತೋಳಿಗೆ ಚೀಪಾ ಹಿಟ್ಟಲ್ಲದೆ ಇನ್ನೊಂದು ಕೆಲಸ. ಅವಳು ಪೆರ್ಲಾ ಟೀಚರ್ ಕೊಟ್ಟ ಶ್ರುತಿ ಕೊಳವಿಯನ್ನು ಊದಿ, ತಂತಿ ಮೀಟಿ, "ಇನ್ನೊಂಚೂರು" ಎನ್ನುವುದು. ನಾನು ಎತ್ತರದ ಮಣೆಯ ಮೇಲೆ ನಿಂತು ಕೀಲಿ ತಿರುಗಿಸುವುದು. "ಸಾಕು. ಜಾಸ್ತಿ ಆಯ್ತು. ಇಳಿಸು." ಬೆಳಿಗ್ಗೆ ಏರಿಸಿದ್ದು ಸಂಜೆಗೆ ಇಳಿದಿರುತ್ತಿತ್ತು. ಉತ್ತರದ ಬಿಸಿ ಗಾಳಿ ಬೀಸಿದ ದಿನವಂತೂ ಗಂಟೆಗೊಂದು ಸಲ. ದಪ್ಪ ತಂತಿಯೊಂದು ಪಟ್ಟನೆ ಕಿತ್ತು ನನ್ನ ಕೆನ್ನೆಗೆ ಬಾರಿಸಿತು. ಪೊರ್ಫಿರಿಯಾ ಬೇಲಿಯಿಂದ ಇಣುಕಿ, "ಯಾರು ಹೊಡೆದ್ರೇ ನಿಂಗೆ?" ಎಂದು ಕೇಳಿದಳು.

"ನಮ್ಮ ತಂಗಿ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆದರೆ ಮಾರನೆಯ ದಿನದಿಂದ ನಮ್ಮ ಮನೆಯ ಪಾತ್ರೆಗಳನ್ನು ತೊಳೆಯಲು ತನ್ನ ಮಗಳನ್ನು ಕಳಿಸಿದಳು, ಬಣ್ಣ ಹಚ್ಚಿದ ಉಗುರಿನ ಸಮೇತ.

ತಂತಿಗಳು ಮೆಲ್ಲಗೆ ಕೂತವು. ಚರ್ಚಿನಲ್ಲಿ ಪೆರ್ಲಾ ಟೀಚರ್ ಜೊತೆ ನುಡಿಸಿದಾಗ ನಾಯಿ ಎದ್ದು ಹೋಗಲಿಲ್ಲ. ಆದರೆ ಹಾಡು ಮುಗಿದ ಮೇಲೆ ಟೀಚರ್ ತಲೆ ಕೆರೆದುಕೊಂಡರು. "ಎಲ್ಲ ಸರಿ ಇದೆ, ಆದ್ರೆ ಮಧ್ಯೆ ಮಧ್ಯೆ ಯಾಕೆ ಬಿಟ್ಟು ಬಿಟ್ಟು ನುಡಿಸ್ತೀಯ? ಅಲ್ಲೇನೂ ಇಲ್ವಲ್ಲ."

"ಅಲ್ಲಿ ಹಾಡು ಬರುತ್ತೆ," ಎಂದಳು ಯೆರುತಿ.

"ಯಾರು ಹಾಡೋರು?"

ಅವಳು ಹಾರ್ಪಿನ ಹೊದಿಕೆ ಕೈಗೆತ್ತಿಕೊಂಡಳು.

"ನೀನೇ ಹಾಡೇ," ಎಂದರು ಎಲಾದಿಯೊ ಮೇಷ್ಟ್ರು. "ಬಾಯಿ ಇದೆ, ನಾಲಿಗೆ ಇದೆ. ನಂಗೆ ಹಲ್ಲಿಲ್ಲ, ಇಲ್ದಿದ್ರೆ ನಾನೇ ಬರ್ತಿದ್ದೆ."

"ನಂಗೆ ಬರಲ್ಲ ಮೇಷ್ಟ್ರೇ."

"ಹಾಡಿ ನೋಡಿದೀಯಾ?"

"ಅದು ಅಮ್ಮನ ಜಾಗ," ಎಂದಳು ಅವಳು. ಟೀಚರ್ ಹೇಳಿಕೊಟ್ಟ ಹಾಗೆ ಖಾಲಿ ಬಿಟ್ಟ ಕಡೆಯೆಲ್ಲ ತಂತಿಯ ಸ್ವರ ತುಂಬಿಸಿಕೊಂಡಳು. ಅದೂ ಚೆನ್ನಾಗಿತ್ತಂತೆ. ಸಂಜೆ ಫೋನಿನ ಹಾಡು ಹಚ್ಚುವುದು ನಿಂತೇಹೋಯಿತು. ಆ ಹೊತ್ತು ನನಗೆ ಮನೆ ಬಿಕೋ ಎನ್ನುತ್ತಿತ್ತು. ಆ ಒಡಕು ಗಂಟಲನ್ನೇ ಕೇಳಿ ಕೇಳಿ ನನ್ನ ತಂಗಿಯ ಧ್ವನಿ ಅದೇ ಎಂದು ನಾನೂ ನಂಬಿಬಿಟ್ಟಿದ್ದೆ. ಅವಳ ಮುಂಚಿನ ಧ್ವನಿ ಹೇಗಿತ್ತು ಎಂದು ಒಲೆಯ ಮುಂದೆ ಕೂತು ನೆನೆಸಿಕೊಳ್ಳಲು ನೋಡುತ್ತಿದ್ದೆ. ಬಟ್ಟೆ ಒಗೆಯುವಾಗ ಅವಳು ಹಾಡುತ್ತಿದ್ದುದು, ಹಳದಿ ಲಂಗ, ನೊರೆ ಮೆತ್ತಿದ ಮೊಣಕೈ, ಎಲ್ಲ ಬರುತ್ತಿತ್ತು. ಧ್ವನಿ ಮಾತ್ರ ಬರುತ್ತಿರಲಿಲ್ಲ.

ಪರೀಕ್ಷೆಯ ದಿನ ಮೊದಲ ಬಸ್ಸಿಗೆ ಹೊರಟೆವು. ಹಾರ್ಪನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಹಗ್ಗ ಬಿಗಿದಿದ್ದೆ. ಕಂಡಕ್ಟರ್ ಅದನ್ನು ನೋಡಿ, "ಏನಮ್ಮ ಇದು, ಯಜಮಾನ್ರನ್ನ ಮಣ್ಣು ಮಾಡಕ್ಕೆ ರಾಜಧಾನಿಗೇ ಒಯ್ಬೇಕಾ?" ಎಂದ.

"ಒಳಗೆ ನಿಮ್ಮಪ್ಪ ಇದಾನೆ, ಸ್ವಲ್ಪ ಹುಷಾರಾಗಿ ಎತ್ತು," ಎಂದೆ. ಬಸ್ಸೆಲ್ಲ ನಕ್ಕಿತು. ಅವನೂ ನಕ್ಕು, ಹಿಂದಿನ ಸೀಟಿನಲ್ಲಿ ಮಲಗಿಸಲು ಜಾಗ ಮಾಡಿಕೊಟ್ಟ. ಯೆರುತಿ ದಾರಿಯುದ್ದಕ್ಕೂ ಒಂದು ಕೈ ಅದರ ಮೇಲಿಟ್ಟುಕೊಂಡೇ ಕೂತಿದ್ದಳು.

ವಿಶ್ವವಿದ್ಯಾಲಯದ ಮೊಗಸಾಲೆ ತುಂಬ ಹುಡುಗ ಹುಡುಗಿಯರು. ಗಿಟಾರು, ಪಿಟೀಲು, ಕೊಳಲು. ಒಬ್ಬೊಬ್ಬರ ಜೊತೆಗೂ ಅಮ್ಮ. ಒಬ್ಬ ಅಮ್ಮ ಮಗನ ಹಣೆ ಒರೆಸುತ್ತಿದ್ದಳು, ಇನ್ನೊಬ್ಬಳು ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಯೆರುತಿ ಅವರನ್ನೇ ನೋಡುತ್ತಿದ್ದಳು. ನಾನು ಅವಳ ಜಡೆಗೆ ಕೈ ಹಾಕಿದೆ. ನನ್ನ ಬೆರಳು ಒರಟು, ಕೂದಲು ಸಿಕ್ಕಿಕೊಂಡಿತು.

"ಬಿಡು ದೊಡ್ಡಮ್ಮ, ಚೆನ್ನಾಗೇ ಇದೆ," ಎಂದು ನಕ್ಕಳು. ಆಮೇಲೆ, "ನೀನು ಬಾಗಿಲ ಹತ್ರಾನೇ ಇರ್ತೀಯ ತಾನೆ?" ಎಂದಳು.

"ಇನ್ನೆಲ್ಲಿ ಹೋಗ್ಲಿ? ಹೋಗು. ಉಗುರು ಜೋಪಾನ."

ಹಾರ್ಪನ್ನು ಒಳಗೆ ತೆಗೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಸೆಕೆಗೆ ಬಾಗಿಲ ಮೇಲಿನ ಗಾಳಿಕಿಂಡಿ ತೆರೆದಿತ್ತು. ಜುನಿಲ್ದಾ ಹಿಂದಿನ ದಿನ ಗೋಗರೆದಿದ್ದಳು, ಹೇಗಾದರೂ ಮಾಡಿ ಸ್ವಲ್ಪ ಹಿಡಿದು ಕಳಿಸು ಎಂದು. ನಾನು ಬೆಂಚಿನ ಮೇಲೆ ಹತ್ತಿ ನಿಂತು ಫೋನನ್ನು ಕಿಂಡಿಗೆ ಎತ್ತಿ ಹಿಡಿದೆ. ಮೊಗಸಾಲೆಯವರೆಲ್ಲ ನನ್ನನ್ನೇ ನೋಡಿದರು. ನೋಡಿದರೆ ನೋಡಲಿ.

ಮೊದಲು ಹಾರ್ಪ್ ಒಂದೇ ನುಡಿಯಿತು. ಅದು ಬೇರೆ ಹಾಡು. ಮುಗಿಯಿತು. ಒಳಗೆ ಯಾರೋ ಏನೋ ಕೇಳಿದರು, ಅವಳೇನೋ ಹೇಳಿದಳು. ಪಿಯಾನೋ ಶುರುವಾಯಿತು, ಆಗಲೇ ನನಗೆ ಫೋನಿನಲ್ಲಿ ಹಿಡಿಯುವ ಗುಂಡಿ ಸಿಕ್ಕಿದ್ದು. ಹಾರ್ಪ್ ಸೇರಿಕೊಂಡಿತು. ದೋಣಿಯ ಹಾಡು. ನಾನು ಹಲ್ಲು ಕಚ್ಚಿಕೊಂಡು ತಂತಿಗಳಿಗೆಲ್ಲ ಹರಕೆ ಹೊತ್ತೆ, ಜಾರಬೇಡಿ ನನ್ನಪ್ಪಗಳಿರಾ ಎಂದು. ಜಾರಲಿಲ್ಲ. ಆದರೆ ತಂತಿಯ ಸ್ವರ ತುಂಬಿಸಬೇಕಾದ ಜಾಗ ಬಂದಾಗ ಹಾರ್ಪ್ ಹಿಂದೆ ಸರಿಯಿತು. ಮರೆತಳು, ಮುಗಿಯಿತು ಕಥೆ ಎಂದುಕೊಂಡೆ.

ಆಗ ಯಾರೋ ಹಾಡಿದರು.

ಮೊದಲ ಸಾಲು ಮೆಲ್ಲಗೆ ಬಂತು. ಎರಡನೆಯದಕ್ಕೆ ಕಾಲೂರಿ ನಿಂತಿತು. 'ಆ ದಡ' ಎಂಬ ಕಡೆ ಧ್ವನಿ ಮೇಲಕ್ಕೆ ಏರಿತು, ಎಲ್ಲಿಯೂ ಒಡೆಯದೆ, ಕಿಂಡಿಯಿಂದ ಹೊರಗೆ ಬಂದು ಮೊಗಸಾಲೆಯ ಆ ತುದಿಯವರೆಗೂ ಹೋಯಿತು. ಜಡೆ ಹೆಣೆಯುತ್ತಿದ್ದ ಅಮ್ಮ ಕೈ ನಿಲ್ಲಿಸಿದಳು. ನನಗೆ ಎದೆಯಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಕಣ್ಣು ಒರೆಸಲು ಕೈ ಬಿಡುವಿರಲಿಲ್ಲ, ಎರಡು ಕೈಯಲ್ಲೂ ಫೋನು.

ಹೊರಗೆ ಬಂದಾಗ ಅವಳ ರವಿಕೆ ಬೆನ್ನಿಗೆ ಅಂಟಿತ್ತು.

"ಹಾಡಲ್ಲ ಅಂದಿದ್ಯಲ್ಲೇ?"

"ಆ ಜಾಗ ಬಂತು," ಎಂದಳು. "ಯಾರೂ ಇರ್ಲಿಲ್ಲ ದೊಡ್ಡಮ್ಮ. ಖಾಲಿ ಬಿಡಕ್ಕೆ ಮನಸ್ಸು ಬರ್ಲಿಲ್ಲ, ತಂತಿ ತುಂಬೋದಕ್ಕೂ ಮನಸ್ಸು ಬರ್ಲಿಲ್ಲ."

ನಾನು ಹಿಡಿದಿದ್ದನ್ನು ಜುನಿಲ್ದಾಳಿಗೆ ಕಳಿಸಿದೆ. ನನಗೆ ಆ ಸಣ್ಣ ಗಾಜಿನ ಮೇಲೆ ಬರೆಯಲು ಬರುವುದಿಲ್ಲ. ಹಾಡನ್ನಷ್ಟೇ ಕಳಿಸಿದೆ.

ಸಾಯಂಕಾಲ ಹೇಳುತ್ತೇವೆ ಎಂದರು. ಅಂಗಳದ ಮರದ ಕೆಳಗೆ ಕೂತು ಚೀಪಾ ತಿಂದೆವು. ಹಣೆ ಒರೆಸುತ್ತಿದ್ದ ಅಮ್ಮನಿಗೂ ಎರಡು ಕೊಟ್ಟೆ. ಬಿಸಿಲು ಇಳಿದ ಮೇಲೆ ಬಿಳಿಗೂದಲಿನ ಅಧ್ಯಾಪಕಿಯೊಬ್ಬರು ಮೆಟ್ಟಿಲ ಮೇಲೆ ನಿಂತು ಹೆಸರು ಕೂಗಿದರು. ಗಿಟಾರಿನವರು ಕೆಲವರು, ಪಿಟೀಲಿನವರು ಕೆಲವರು. ಯೆರುತಿಯ ಹೆಸರು ಬಂದಾಗ ಅವಳು ಏಳಲೇ ಇಲ್ಲ. ನಾನೇ ಕೈ ಎತ್ತಿದೆ. ಆಕೆ ಕೆಳಗಿಳಿದು ಬಂದು, "ಮಾರ್ಚಿಗೆ ಬಾ ಮಗು. ಹಾರ್ಪ್‌ಗೆ ತಗೊಂಡಿದೀವಿ. ಹಾಡೋದನ್ನೂ ಬಿಡ್ಬೇಡ. ಯಾರ ಹತ್ರ ಕಲ್ತೆ?" ಎಂದು ಕೇಳಿದರು.

"ಫೋನಿನ ಹತ್ರ," ಎಂದಳು ಯೆರುತಿ. ಆಕೆ ತಮಾಷೆ ಎಂದುಕೊಂಡು ನಕ್ಕರು.

ಬಸ್ ನಿಲ್ದಾಣದಲ್ಲಿ ಹಾರ್ಪನ್ನು ಗೋಡೆಗೆ ಒರಗಿಸಿ ಕೂತಿದ್ದಾಗ ಫೋನು ಗುಯ್ಗುಟ್ಟಿತು. ಜುನಿಲ್ದಾ ಮಾತು ಹಿಡಿದು ಕಳಿಸಿದ್ದಳು. ಸುತ್ತಲಿನ ಗದ್ದಲಕ್ಕೆ ಇಬ್ಬರೂ ಫೋನಿಗೆ ಒಂದೊಂದು ಕಿವಿ ಹಚ್ಚಿಕೊಂಡೆವು.

"ಅಕ್ಕಾ, ಪರೀಕ್ಷೇದು ಹಿಡಿದು ಕಳಿಸು ಅಂದ್ರೆ ನನ್ನ ಹಳೇ ಹಾಡು ಕಳಿಸಿದೀಯಲ್ಲ, ಇದೆಲ್ಲಿತ್ತೇ ನಿನ್ನ ಹತ್ರ? ಇಷ್ಟು ದಿನ ಯಾಕೆ ಕಳಿಸ್ಲಿಲ್ಲ?" ಅವಳು ಮೂಗೆಳೆದುಕೊಳ್ಳುವುದು ಕೇಳಿಸಿತು. "ನಾನು ಪಿಯಾನೋ ಜೊತೆ ಯಾವಾಗ ಹಾಡಿದ್ದೆ? ಚರ್ಚಿನ ಹಬ್ಬದಲ್ಲಾ? ಯೆರು ಹುಟ್ಟೋಕೆ ಮುಂಚೇನೇ ಇರ್ಬೇಕು. ಆಗಲೇ ಆರು ಸಲ ಹಾಕ್ಕೊಂಡು ಕೇಳ್ದೆ. ಎಷ್ಟು ಚೆನ್ನಾಗಿ ಹಾಡ್ತಿದ್ದೆ ನೋಡೇ ನಾನು. ಮರೆತೇ ಹೋಗಿತ್ತು. ಈಗ ಅಡುಗೆಮನೇಲಿ ಮೆಲ್ಲಗೆ ಜೊತೆಗೆ ಹಾಡಿ ನೋಡ್ದೆ, ಒಂದು ಸಾಲು ಬಂತು ಕಣೇ. ಸರಿ, ಅದಿರ್ಲಿ. ಮಗು ಪರೀಕ್ಷೆ ಏನಾಯ್ತು? ಮೊದ್ಲು ಅದನ್ನ ಹೇಳು."

ನಾನು ಯೆರುತಿಯ ಮುಖ ನೋಡಿದೆ. ಒಂಬತ್ತು ವರ್ಷ ದೂರವಿದ್ದವಳಿಗೆ ಮಗಳು ಹಾಡುವ ಧ್ವನಿ ಹೇಗೆ ಗೊತ್ತಾಗಬೇಕು. ಹುಡುಗಿ ಹಾಡಿದ್ದನ್ನು ಇವತ್ತಿನವರೆಗೆ ಅವಳೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಲೆಯ ಮುಂದೆ ಕೂತು ನಾನು ಹುಡುಕಿದ ಧ್ವನಿಯೇ ಇವತ್ತು ಕಿಂಡಿಯಿಂದ ಹೊರಗೆ ಬಂದದ್ದು ಎಂದು ಆಗ ನನಗೆ ಹೊಳೆಯಿತು. ಎದೆಯಲ್ಲಿ ಸಿಕ್ಕಿಕೊಂಡದ್ದು ಹಸಿವಲ್ಲ.

"ಕೊಡು ಇಲ್ಲಿ, ನೀನಲ್ಲ ಕಣೇ ಪೆದ್ದಿ, ನಿನ್ನ ಮಗಳು ಅಂತ ಹೇಳ್ತೀನಿ," ಎಂದು ಫೋನಿನ ಗುಂಡಿ ಹುಡುಕಿದೆ.

ಯೆರುತಿ ನನ್ನ ಕೈ ಹಿಡಿದುಕೊಂಡಳು. ಅವಳ ಉಗುರು ನನ್ನ ಅಂಗೈಗೆ ಒತ್ತಿತು. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಬೇಡ ದೊಡ್ಡಮ್ಮ. ಸೀಟು ಸಿಕ್ತು ಅಂತಷ್ಟೇ ಹೇಳು."

"ಮತ್ತೆ ಹಾಡು?"

"ಇನ್ನೂ ಒಂದೇ ಸಾಲು ಬಂದಿದೆ ಅವಳಿಗೆ. ಪೂರ್ತಿ ಬರ್ಲಿ. ಅಲ್ಲೀವರೆಗೂ ಅವಳದೇ ಅಂದ್ಕೊಳ್ಲಿ."

ಬಸ್ಸು ಬಂತು. ಸೀಟು ಸಿಕ್ಕಿತು ಎಂದಷ್ಟೇ ಹೇಳಿ ಕಳಿಸಿ, ಹಾರ್ಪಿನ ಇನ್ನೊಂದು ತುದಿಗೆ ಕೈ ಕೊಟ್ಟೆ.